ಪ್ಲೇಟಕ್ಕ ಮತ್ತು ಕಂದು ಹತ್ತಿ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ನಾನು ಮೂತ್ರ ಪರೀಕ್ಷೆಯವನು. ಪಕ್ಕದ ಮೇಜು ಪ್ಲೇಟಕ್ಕನದು. ಆಪರೇಷನ್ ಮುಗಿದು ಹೊಲಿಗೆ ಹಾಕುವ ಮುಂಚೆ ಗಾಯದೊಳಗೆ ಹತ್ತಿಕಡ್ಡಿ ಆಡಿಸಿ ಅವಳಿಗೆ ಕಳಿಸಬೇಕು. ಅವಳು ಅದನ್ನು ಗಾಜಿನ ಪ್ಲೇಟಿಗೆ ಸವರಿ ಎರಡು ದಿನ ಪೆಟ್ಟಿಗೆಯಲ್ಲಿ ಬೆಚ್ಚಗಿಡುತ್ತಾಳೆ. ಬ್ಯಾಕ್ಟೀರಿಯಾ ಬೆಳೆದರೆ, ಈ ಗಾಯ ಕೀವಾಗಬಹುದು, ಹುಷಾರು ಎಂದು ಬರೆದು ಕಳಿಸುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಸ್ವಂತ ಮಕ್ಕಳ ಜ್ವರವನ್ನು ಹಣೆ ಮುಟ್ಟಿ ಅಂದಾಜು ಮಾಡುವವಳು ಪ್ಲೇಟಿನ ಪೆಟ್ಟಿಗೆಯ ಬಿಸಿಯನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಅಳೆಯುತ್ತಾಳೆ.

ಮೇಲಿನ ಮಹಡಿಯಲ್ಲಿ ಆಪರೇಷನ್ ಮಾಡುವ ದೊಡ್ಡ ಡಾಕ್ಟರರ ರೋಗಿಗಳಲ್ಲಿ ಏನೂ ಬೆಳೆಯುತ್ತಿರಲಿಲ್ಲ. ತಿಂಗಳುಗಟ್ಟಲೆ ಸೊನ್ನೆ. ಆ ಸೊನ್ನೆಗೆ ಅವರು ಚೌಕಟ್ಟು ಹಾಕಿಸಿ ಕೋಣೆಯ ಹೊರಗೆ ತೂಗುಹಾಕಿದ್ದರು. ಬ್ಯಾಕ್ಟೀರಿಯಾಕ್ಕೂ ಅವರನ್ನು ಕಂಡರೆ ನಡುಕ ಎಂದುಕೊಂಡಿದ್ದೆ. ಒಂದು ದಿನ ಪ್ಲೇಟಕ್ಕ ಕಡ್ಡಿಯನ್ನು ನನ್ನ ಕಣ್ಣ ಮುಂದೆ ಹಿಡಿದಳು. ಹತ್ತಿ ಕಂದಾಗಿತ್ತು.

"ಗಾಯಕ್ಕೆ ಕ್ರಿಮಿ ಕೊಲ್ಲೋ ಅಯೋಡಿನ್ ಸುರಿದು ತೊಳೆದ ಮೇಲೆ ಸ್ಯಾಂಪಲ್ ತೆಗೀತಾರೆ. ಇದರಲ್ಲಿ ಏನು ಬೆಳೆಯತ್ತೆ, ನನ್ನ ತಲೆ?"

ಸೊನ್ನೆ ಬಂದವರಲ್ಲೇ ಒಬ್ಬ ಬಸ್ ಡ್ರೈವರ್ ಹತ್ತನೇ ದಿನ ಹೊಲಿಗೆ ಬಿಚ್ಚಿಕೊಂಡು, ಕೀವು ಸುರಿಸುತ್ತ ವಾಪಸ್ ಬಂದ. ಪ್ಲೇಟಕ್ಕ ಮೇಲೆ ಹೋಗಿ ಹೇಳಿದಳು. "ಸುಮ್ನೆ ಪ್ಲೇಟು ನೋಡ್ಕೊಳ್ಳಿ. ಇನ್ನೊಂದ್ಸಲ ಬಾಯಿ ತೆಗೆದ್ರೆ ಉಗ್ರಾಣಕ್ಕೆ ಹಾಕಿಸ್ತೀನಿ" ಎಂದರಂತೆ ಡಾಕ್ಟರು. "ಅಕ್ಕಾ, ನಮಗ್ಯಾಕೆ ಊರ ಉಸಾಬರಿ?" ಎಂದೆ ನಾನು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಒಂದು ಸೋಮವಾರ ಬಂದ ಕಡ್ಡಿಯಲ್ಲಿ ಬರೀ ರಕ್ತದ ಕಲೆ. ಕಂದು ಹುಡುಕಿದರೂ ಇಲ್ಲ. ಚೀಟಿ ನೋಡಿದೆವು. ರೋಗಿ ದೊಡ್ಡ ಡಾಕ್ಟರರ ತಾಯಿ. ಅಂದರೆ ಸರಿಯಾಗಿ ತೆಗೆಯುವುದು ಹೇಗೆಂದು ಆ ಮಹಾನುಭಾವರಿಗೆ ಮೊದಲಿಂದಲೂ ಗೊತ್ತಿತ್ತು! ನನ್ನ ಮೈ ಉರಿದುಹೋಯಿತು.

ಬುಧವಾರ ಪ್ಲೇಟಿನ ತುಂಬ ಹಳದಿ ಚುಕ್ಕೆ. ಪ್ಲೇಟಕ್ಕ ತಾನೇ ಮೆಟ್ಟಿಲು ಹತ್ತಿ ವರದಿ ಕೊಟ್ಟು ಬಂದಳು. ಅಜ್ಜಿಗೆ ಅಂದೇ ಔಷಧಿ ಶುರುವಾಯಿತು, ಗಾಯ ಒಣಗಿತು. ಡಾಕ್ಟರು ಮೊದಲ ಸಲ ನೆಲಮಾಳಿಗೆಗೆ ಇಳಿದು ಬಂದರು.

"ತುಂಬಾ ಉಪಕಾರ ಆಯ್ತು. ಇದೊಂದನ್ನ ನನ್ನ ತಿಂಗಳ ಲೆಕ್ಕದ ಪಟ್ಟಿಗೆ ಸೇರಿಸ್ಬೇಡಿ."

ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡೆವು. ಮರುದಿನ ಬೆಳಿಗ್ಗೆ ಬಂದ ಕಡ್ಡಿ ಮತ್ತೆ ಕಂದು. ರೋಗಿ ಯಾರೋ ಟೈಲರ್. ಪ್ಲೇಟಕ್ಕ ಅದನ್ನು ಪ್ಲೇಟಿಗೆ ಮುಟ್ಟಿಸಲೇ ಇಲ್ಲ. ವರದಿಯಲ್ಲಿ ಬರೆದಳು: 'ಪರೀಕ್ಷೆಗೆ ಯೋಗ್ಯವಲ್ಲ. ಇನ್ನು ಮುಂದೆ ನಿಮ್ಮ ತಾಯಿಯವರಿಗೆ ತೆಗೆದಂತೆ ತೆಗೆದು ಕಳಿಸಿ.'

ವಾರ ಕಳೆಯುವಷ್ಟರಲ್ಲಿ ಅವಳು ಉಗ್ರಾಣದಲ್ಲಿ ಕೈಗವಸು ಎಣಿಸುತ್ತಿದ್ದಳು. ಪ್ಲೇಟುಗಳು ನನ್ನ ಮೇಜಿಗೆ ಬಂದವು. ಮೊದಲ ಕಡ್ಡಿ ಕಂದಾಗಿತ್ತು. ಅವಳ ಅದೇ ವಾಕ್ಯ ಬರೆದೆ, ಕೆಳಗೆ ನನ್ನ ಸಹಿ ಹಾಕಿದೆ.