ಅಕ್ಕನ ಕಂಪ್ಯೂಟರಿನ ಗೃಹಪ್ರವೇಶ

ನಮ್ಮ ಉಗ್ರಾಣದಲ್ಲಿ ಅಕ್ಕಿ ಡಬ್ಬದ ಪಕ್ಕ ಒಂದು ಕಪ್ಪು ಪೆಟ್ಟಿಗೆ ಸದಾ ಗುಂಯ್‌ಗುಡುತ್ತಿರುತ್ತದೆ. ಬಂದವರು ನೀರಿನ ಫಿಲ್ಟರ್ ಎಂದುಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ, ಸರ್ವರ್ ಎಂದರೆ ಮನೆಯಲ್ಲಿ ಅದ್ಯಾಕೆ ಎಂದು ಕೇಳುತ್ತಾರೆ. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ನಾಲ್ಕಾರು ಕಂಪ್ಯೂಟರುಗಳನ್ನು ಬಾಡಿಗೆದಾರರಂತೆ ಇರಿಸಬಹುದು, ಅವಕ್ಕೆ ವರ್ಚುಯಲ್ ಮೆಷೀನ್ ಎನ್ನುತ್ತಾರೆ ಎಂದು ನಾನು ವಿವರಿಸುವಷ್ಟರಲ್ಲಿ ಕೇಳಿದವರ ಕಾಫಿ ಆರಿ, ಆಸಕ್ತಿಯೂ ಆರಿರುತ್ತದೆ.

ಪೆಟ್ಟಿಗೆಗೆ ಮೊದಲ ಮರ್ಯಾದಸ್ಥ ಬಾಡಿಗೆದಾರ ಬಂದದ್ದು ಅಕ್ಕನಿಂದ. ತಿ. ನರಸೀಪುರದಲ್ಲಿ ಅವಳು ಮದುವೆ ಕಾರ್ಡುಗಳನ್ನು ಟೈಪ್ ಮಾಡಿಕೊಡುತ್ತಾಳೆ. ಅವಳ ಕನ್ನಡ ತಂತ್ರಾಂಶ ಎಷ್ಟು ಹಳೆಯದೆಂದರೆ ಈಗಿನ ಯಾವ ಕಂಪ್ಯೂಟರೂ ಅದನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಅದಕ್ಕೇ ಅವಳ ಹಳೆಯ ಕಂಪ್ಯೂಟರನ್ನು ಇಡಿಯಾಗಿ ಒಂದು ಫೈಲಾಗಿಸಿ ಲ್ಯಾಪ್‌ಟಾಪಿನೊಳಗೆ ಕೂರಿಸಿದ್ದೆ. ಈಗ ಲ್ಯಾಪ್‌ಟಾಪು ದೋಸೆ ಕಾವಲಿಯಂತೆ ಕಾಯತೊಡಗಿದ್ದರಿಂದ ಆ ಫೈಲನ್ನು ನಂಜನಗೂಡಿನ ನನ್ನ ಪೆಟ್ಟಿಗೆಗೆ ಸಾಗಿಸುವುದೆಂದಾಯಿತು. ಅಕ್ಕ ತನ್ನ ಲ್ಯಾಪ್‌ಟಾಪು ಹೊತ್ತು ಬೆಳಗಿನ ಬಸ್ಸಿಗೇ ಬಂದು, ಪೆಟ್ಟಿಗೆಗೆ ಕುಂಕುಮವಿಟ್ಟಳು.

ಅದೇ ದಿನ ನಾಲ್ಕು ಗಂಟೆಗೆ ಹುಲ್ಲಹಳ್ಳಿಯ ಮಾದಪ್ಪನವರು ಮಗಳ ಮದುವೆ ಕಾರ್ಡು ನೋಡಿ ಸಹಿ ಹಾಕಲು ನಮ್ಮ ಮನೆಗೇ ಬರುವವರಿದ್ದರು. ಸಂಜೆ ಪ್ರೆಸ್ಸಿಗೆ ಕೊಡದಿದ್ದರೆ, ಸೋಮವಾರ ಮನೆದೇವರ ಮುಂದಿಡಬೇಕಾದ ಮೊದಲ ಕಾರ್ಡು ಕೈಗೆ ಸಿಗುವುದಿಲ್ಲ. ಈವರೆಗೆ ಒಂದು ಕಾರ್ಡನ್ನೂ ತಡಮಾಡದಿರುವುದೇ ಅಕ್ಕನ ಹೆಗ್ಗಳಿಕೆ.

ಸಾಗಣೆ ಸುಸೂತ್ರವಾಗಿ ಮುಗಿಯಿತು. ಒಂದು ಫೈಲೂ ತಪ್ಪಿರಲಿಲ್ಲ. ಆದರೆ ಟೈಪಿಂಗ್ ತಂತ್ರಾಂಶ ತೆರೆದರೆ, ಅವಧಿ ಮುಗಿದಿದೆ ಎಂದು ಹೇಳಿ ತಾನೇ ಬಾಗಿಲು ಹಾಕಿಕೊಂಡಿತು. ನಾನು ಮತ್ತೊಮ್ಮೆ ಸಾಗಿಸಿದೆ, ಮೆಮೊರಿ ಹೆಚ್ಚಿಸಿದೆ, ನೆಟ್‌ವರ್ಕ್ ಬದಲಿಸಿದೆ. ಅಡುಗೆಮನೆಯಿಂದ ಅಕ್ಕ ಮೂರು ಸಲ ವಿಚಾರಿಸಿದಳು. ಮೂರು ಸಲವೂ ಆಯಿತು ಎಂದೆ. ತಿಳಿದವನೆಂಬ ಬಿರುದು ಒಮ್ಮೆ ಬಂದರೆ ತಿಳಿಯದೆಂದು ಹೇಳುವುದು ಎಂಥ ಕಷ್ಟವೆಂದು ಓದುಗರೇ ಬಲ್ಲಿರಿ.

ಮೂರೂವರೆಗೆ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದವಳು ತಪ್ಪು ತೋರಿಸುತ್ತಿದ್ದ ಸಂದೇಶವನ್ನು ಓದಲೇ ಇಲ್ಲ. ನೇರ ಪರದೆಯ ಮೂಲೆ ನೋಡಿದಳು.

"ಇದ್ಯಾಕೋ ಇವತ್ತಿನ್ ತಾರೀಕು ತೋರಿಸ್ತಾ ಅದೆ?"

"ಇವತ್ತಿಂದೇ ಅಲ್ವೇನಕ್ಕ ತೋರಿಸ್ಬೇಕಾದ್ದು?"

"ಅದಕ್ಕೆ ಇವತ್ತು ಅಂತ ಗೊತ್ತಾಗ್ಬಾರ್ದು ಕಣೋ."

ತಂತ್ರಾಂಶ ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ; ಅವಧಿ ನವೀಕರಿಸುವವರು ಯಾರೂ ಇಲ್ಲ. ಆದ್ದರಿಂದ ಪ್ರತಿ ಯುಗಾದಿ, ಬೇವು ಬೆಲ್ಲ ತಿಂದು ಮುಗಿದ ಕೂಡಲೇ, ಅಕ್ಕ ಆ ಯಂತ್ರದ ಗಡಿಯಾರವನ್ನು ಒಂದು ವರ್ಷ ಹಿಂದಕ್ಕೆ ತಿರುಗಿಸುತ್ತಾಳಂತೆ. ನಾವೆಲ್ಲ ಹೊಸ ಸಂವತ್ಸರಕ್ಕೆ ಹೋದಾಗಲೂ ಅದು ಮಾತ್ರ ಅದೇ ವರ್ಷವನ್ನು ಮತ್ತೆ ಮೊದಲಿನಿಂದ ಬದುಕುತ್ತದೆ. ನನ್ನ ಸರ್ವರಾದರೋ ಸಭ್ಯ ಮನೆಯೊಡೆಯನಂತೆ ಹೊಸ ಬಾಡಿಗೆದಾರನಿಗೆ ಸರಿಯಾದ ದಿನಾಂಕ ಹೇಳಿ, ತಂತ್ರಾಂಶದ ಬಾಯಿ ಕಟ್ಟಿಸಿತ್ತು.

ಇದನ್ನು ನನಗೆ ಮೊದಲೇ ಹೇಳಿದ್ದೆನೆಂದು ಅಕ್ಕ ಸಾಧಿಸುತ್ತಾಳೆ. ಹೇಳಿಲ್ಲವೆಂದು ನನಗೆ ಸ್ಪಷ್ಟ ನೆನಪು; ಹಳೆಯ ಕಂಪ್ಯೂಟರನ್ನು ಫೈಲಾಗಿಸಿದ ದಿನ ಅವಳು ಉಟ್ಟಿದ್ದ ಸೀರೆಯ ಅಂಚೂ ಕಣ್ಣಿಗೆ ಕಟ್ಟಿದೆ. ಅಂಚಿನವರೆಗೂ ಅಷ್ಟು ಅಚ್ಚುಕಟ್ಟಾಗಿರುವುದರಿಂದಲೇ ಆ ನೆನಪನ್ನು ನಾನು ನಂಬುವುದಿಲ್ಲ. ಬಹುಶಃ ಹೇಳಿರಬೇಕು.

ಗಡಿಯಾರವನ್ನು ಪೆಟ್ಟಿಗೆಯ ಹಿಡಿತದಿಂದ ಬಿಡಿಸಿ, ಅಕ್ಕ ಹೇಳಿದ ವರ್ಷಕ್ಕೆ ಕಳಿಸಿದೆ. ಕರೆಗಂಟೆ ಸದ್ದಾಗುವುದಕ್ಕೂ ಪರದೆಯ ಮೇಲೆ ಕಾರ್ಡು ಮೂಡುವುದಕ್ಕೂ ಸರಿಹೋಯಿತು.

ಮಾದಪ್ಪನವರು ಕನ್ನಡಕ ಏರಿಸಿ ಕುಳಿತರು. ಮುಹೂರ್ತ ಓದಬೇಕಾದವರ ಕಣ್ಣು ಪರದೆಯ ಮೂಲೆಯ ಹಳೆಯ ತಾರೀಕಿಗೆ ಹೋಯಿತು. ಸ್ವಲ್ಪ ಹೊತ್ತು ಬೆರಳು ಮಡಚಿ ಏನೋ ಎಣಿಸಿದರು.

"ಅಕ್ಕೋ, ಈ ವರ್ಸ ನಮ್ ಮಗ ಒಂದ್ನೇ ಕ್ಲಾಸು," ಎಂದರು. ಮಗ ಎಂದದ್ದು ಮಗಳನ್ನೇ. "ಇಸ್ಕೂಲ್ಗೆ ಓಗಲ್ಲ ಅಂತ ಕಂಬ ತಬ್ಕಂಡಿತ್ತು."

"ಅದ್ರೊಳಗೆ ತಬ್ಕೊಂಡೇ ಇರ್ಲಿ ಬುಡಿ. ನೀವು ಮುಹೂರ್ತ ಓದಿ."

ಅವರು ಓದಿದರು. ಪ್ರತಿ ಸಾಲಿನ ಕೊನೆಗೂ ಕಣ್ಣು ಮತ್ತೆ ಅಲ್ಲಿಗೇ ಜಾರುತ್ತಿತ್ತು. ಕೊನೆಗೆ ಅಕ್ಕ ಆ ಮೂಲೆಗೆ ಅಂಗೈ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಸಹಿಗೆ ಪೆನ್ನು ಕೊಟ್ಟಳು.