ಗೊಲ್ಲಾಳಪ್ಪನ ಒಂದು ‘ಹೂಂ’

ಮಾಡಗ್ಯಾಳದ ಗೊಲ್ಲಾಳಪ್ಪ ಹುಟ್ಟಿದ್ದು ಕುರಿಗಳ ಮನೆಯಲ್ಲಿ. ಆದರೆ ಅವನಿಗೂ ಕುರಿಗಳಿಗೂ ಮೊದಲಿನಿಂದ ಎಣ್ಣೆ-ಸೀಗೆಕಾಯಿ. ಅಣ್ಣ ಬೀರು ಹಿಂಡು ಹೊಡೆದುಕೊಂಡು ಊರೂರು ಅಲೆಯುವಾಗ ಇವನು ಜತ್ತ ಪೇಟೆಗೆ ಹೋಗಿ ವೆಲ್ಡಿಂಗ್ ಅಂಗಡಿಯ ಮುಂದೆ ಕೂತುಬಿಡುತ್ತಿದ್ದ. ಕಡೆಗೆ ಪತ್ರಾ ಹೊಡೆಯುವ ಕೆಲಸ ಕಲಿತ. ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ತಗಡು ಹಾಸಿ, ಸ್ಕ್ರೂ ಬಿಗಿದು ಶೆಡ್ಡು ಮಾಡಿಕೊಡುವುದಕ್ಕೆ ಆ ಕಡೆ ಹಾಗೆನ್ನುತ್ತಾರೆ. ಕುರಿ ಕಾಯಲೊಲ್ಲದವನು ಈಗ ಊರ ಕುರಿಗಳಿಗೆಲ್ಲ ಸೂರು ಮಾಡುತ್ತ ತಿರುಗುತ್ತಾನೆ ಎಂದು ಬೀರು ಆಡಿಕೊಳ್ಳುತ್ತಿದ್ದ. ಗೊಲ್ಲಾಳಪ್ಪ ನಕ್ಕುಬಿಡುತ್ತಿದ್ದ.

ನಗುವುದು, ತಲೆಯಾಡಿಸುವುದು, ‘ಹೂಂ’ ಅನ್ನುವುದು ಅವನಿಗೆ ಬಹಳ ಸಲೀಸು. ಯಾರು ಏನು ಕೇಳಿದರೂ ಮೊದಲು ಹೂಂ, ವಿಚಾರ ಆಮೇಲೆ. ನಾಳೆ ಬರುತ್ತೀಯೇನು ಎಂದರೆ ಹೂಂ. ಬೆಳುಂಕಿಯವರಿಗೂ ಹೂಂ, ಅದೇ ದಿನಕ್ಕೆ ಶೇಗಾಂವದವರಿಗೂ ಹೂಂ. ಬೆಳಗ್ಗೆ ಇಬ್ಬರ ಫೋನೂ ಒಟ್ಟಿಗೆ ಬಂದಾಗ ಮಾತ್ರ ಮುಖ ಹುಳ್ಳಗೆ. ಕೆಟ್ಟ ಮನುಷ್ಯನಲ್ಲ. ಎದುರಿಗೆ ನಿಂತವರನ್ನು ಬೇಸರಪಡಿಸಲು ಬಾರದ ಮನುಷ್ಯ, ಅಷ್ಟೇ. ಇಂಥವರಿಂದ ಆಗುವ ಅನಾಹುತ ಕೆಟ್ಟವರಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ ಎಂದು ಅವನಿಗೆ ಗೊತ್ತಾಗಲು ಅರ್ಧ ಆಯುಷ್ಯ ಬೇಕಾಯಿತು.

ಹೆಂಡತಿ ಚಂದ್ರಾಬಾಯಿ ಬೇರೆಯೇ ಸ್ವಭಾವದವಳು. ಒಂದು ಮಾತು ಆಡುವ ಮೊದಲು ಎರಡು ಸಲ ನೋಡುವವಳು. ಆದರೆ ಗಂಡನ ಹೂಂ ಎಂದರೆ ಅವಳಿಗೆ ಸಾಕಿತ್ತು. ಊರಿಗೆ ಎಷ್ಟು ಪೊಳ್ಳು ಹೂಂ ಹಂಚಿದರೂ ಹೆಂಡತಿಗೆ ಕೊಟ್ಟದ್ದನ್ನು ಅವನು ಎಂದೂ ತಪ್ಪಿಸಿರಲಿಲ್ಲ. ಏಣಿ ಹಿಡದೀರೇನ್ರಿ ಎಂದು ಕೇಳಿ, ಹೂಂ ಎಂದ ಕೂಡಲೇ ಕೆಳಗೆ ನೋಡದೆ ಹತ್ತಿಬಿಡುತ್ತಿದ್ದಳು.

ಗಂಡನ ಕೆಲಸಕ್ಕೆ ಕೈಗೂಡಿಸುತ್ತಿದ್ದ ಅವಳು ತಾನೇ ಏಣಿ ಹತ್ತುವಂತಾದದ್ದು ಒಂದು ಹೊಸ ಮಷೀನಿನಿಂದ. ಮೊದಲೆಲ್ಲ ವಾಯರಿನ ಡ್ರಿಲ್ಲು. ಬಾವಿಯ ಮೋಟರಿನಿಂದ ಕರೆಂಟು ಎಳೆಯಬೇಕು, ವಾಯರು ಹಾಸಬೇಕು, ಅಷ್ಟರಲ್ಲಿ ಕರೆಂಟೇ ಹೋಗಿರಬೇಕು. ಒಂದು ಸುಗ್ಗಿ ಕಳೆದ ಮೇಲೆ ಗಂಡ-ಹೆಂಡತಿ ಜತ್ತದ ಬಾಳಾಸಾಹೇಬರ ಅಂಗಡಿಗೆ ಹೋಗಿ ಬ್ಯಾಟರಿಯ ಇಂಪ್ಯಾಕ್ಟ್ ಡ್ರೈವರ್ ತಂದರು. ವಾಯರಿಲ್ಲ, ಒಂದೇ ಕೈಯಲ್ಲಿ ಹಿಡಿಯಬಹುದು. ಸ್ವಿಚ್ಚು ಒತ್ತಿದರೆ ಬರೀ ತಿರುಗುವುದಲ್ಲ, ಒಳಗಿಂದ ಗುದ್ದಿ ಗುದ್ದಿ ತಿರುವುತ್ತದೆ. ಎಂಥ ದಪ್ಪ ಪೈಪಿದ್ದರೂ ಸ್ಕ್ರೂ ತಾನೇ ತೂತು ಮಾಡಿಕೊಂಡು ಇಳಿಯುತ್ತದೆ.

ಬಾಳಾಸಾಹೇಬರು ಬಹಳ ಹೊತ್ತು ತಿಳಿಸಿ ಹೇಳಿದರು. ಗೊಲ್ಲಾಳಪ್ಪ ಹೂಂ ಹೂಂ ಎನ್ನುತ್ತ ಮಷೀನಿನ ಬಣ್ಣ ನೋಡುತ್ತಿದ್ದ. ಅವರು ಅವನನ್ನು ಬಿಟ್ಟು ಚಂದ್ರಾಬಾಯಿಯ ಕಡೆ ತಿರುಗಿದರು.

“ವೈನಿ, ನೀವು ಕೇಳ್ರಿ. ಮುಂದಿನ ಬಿಟ್ಟು, ಅಂದ್ರ ಈ ಸ್ಕ್ರೂ ತಿರುವೂ ಕಡ್ಡಿ, ಬದಲ್ ಮಾಡೂ ಮುಂದ ಮೊದಲ ಬ್ಯಾಟರಿ ತಗೀರಿ. ಕೆಲಸ ಮುಗಿದ ಮ್ಯಾಲೂ ತಗೀರಿ. ಇಲ್ಲೊಂದು ಗುಂಡಿ ಐತಿ ನೋಡ್ರಿ, ಈ ಕಡಿ ಒತ್ತಿದ್ರ ಬಿಗೀತೈತಿ, ಆ ಕಡಿ ಒತ್ತಿದ್ರ ಬಿಚ್ಚತೈತಿ. ನಡುವ ನಿಲ್ಲಿಸಿದ್ರ ಸ್ವಿಚ್ಚ ಒತ್ತಾಕ ಬರೂದಿಲ್ಲ. ಮಷೀನ ಕೆಳಗ ಇಡೂ ಮುಂದ ಅದು ನಡುವನ ಇರಬೇಕು.”

“ಇಷ್ಟ ಸಣ್ಣದಕ್ಕ ಇಷ್ಟ ಅಂಜಬೇಕೇನ್ರಿ?” ಚಂದ್ರಾಬಾಯಿ ಕೇಳಿದಳು.

“ಸಣ್ಣದಂತನ ಮಂದಿ ಅಂಜೂದಿಲ್ಲ. ವಾಯರ ಇದ್ದದ್ದು ಹಗ್ಗ ಕಟ್ಟಿದ ಹೋರಿ ಇದ್ದಂಗ, ಎಲ್ಲೈತಿ ಅಂತ ಕಾಣತೈತಿ. ಇದಕ್ಕ ಹಗ್ಗಿಲ್ಲ.”

ಚಂದ್ರಾಬಾಯಿ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅಂದಿನಿಂದ ಮಷೀನಿನ ಜೋಪಾನ ಅವಳದೇ ಆಯಿತು. ಸಂಜೆ ಬ್ಯಾಟರಿ ತೆಗೆದು, ಒಣ ಅರಿವೆಯಿಂದ ಒರೆಸಿ, ಗಾಳಿಯಾಡುವ ಸಂದಿಗಳಲ್ಲಿ ಕೂತ ಕಬ್ಬಿಣದ ಪುಡಿಯನ್ನು ಹಳೆಯ ಬ್ರಶ್ಶಿನಿಂದ ಉದುರಿಸುವಳು. ಬಿಸಿಲಿಗೆ ಕಾದ ತಗಡಿನ ಮೇಲೆ ಗಂಡ ಬ್ಯಾಟರಿ ಬಿಟ್ಟರೆ ಬೈದು, ನೆರಳಿಗಿಟ್ಟು, ಆರಿದ ಮೇಲೆಯೇ ಚಾರ್ಜಿಗೆ ಹಾಕುವಳು. ಮೊನೆ ಸವೆದ ಬಿಟ್ಟನ್ನು ಅವನು ಇನ್ನೊಂದು ದಿನ ನಡೆಯುತ್ತದೆ ಎಂದರೆ ಇವಳು ಎತ್ತಿ ತಿಪ್ಪೆಗೆಸೆಯುವಳು. ಕಣ್ಣಿಗೆ ಕನ್ನಡಕ ಹಾಕದೆ ಅವನು ಮೇಲೆ ಹತ್ತಿದರೆ ಕೆಳಗಿಂದ ಸ್ಕ್ರೂ ಕೊಡುತ್ತಲೇ ಇರಲಿಲ್ಲ. ಗೊಲ್ಲಾಳಪ್ಪ ಇದಕ್ಕೆಲ್ಲ ‘ಚಂದ್ರಾಬಾಯಿ ಕಾಯ್ದೆ’ ಎಂದು ಹೆಸರಿಟ್ಟಿದ್ದ.

ಒಂದು ದಿನ ಅವನ ಸೊಂಟ ಹಿಡಿದುಕೊಂಡಿತು. ಅರ್ಧ ಹೊಡೆದ ಶೆಡ್ಡು, ಮೇಲೆ ಮೋಡ. ಚಂದ್ರಾಬಾಯಿ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಒಳಗೆ ಬಿಗಿದು, ತಾನೇ ಹತ್ತಿ ಉಳಿದದ್ದನ್ನು ಮುಗಿಸಿದಳು. ಇಳಿದ ಮೇಲೆ ಗೊಲ್ಲಾಳಪ್ಪ ಸಾಲು ನೋಡಿದ. ಸ್ಕ್ರೂಗಳು ನೂಲು ಹಿಡಿದ ಹಾಗೆ ನೆಟ್ಟಗಿದ್ದವು. ಅವನದು ಅಷ್ಟು ನೆಟ್ಟಗೆ ಎಂದೂ ಇರುತ್ತಿರಲಿಲ್ಲ. ಹೊಟ್ಟೆಕಿಚ್ಚು ಪಡುವುದನ್ನೇ ಮರೆತು ಅವನು ಹಿಗ್ಗಿಹೋದ, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಆ ಸುದ್ದಿ ಹೆಂಗಸರ ಬಚತ ಗಟಕ್ಕೆ, ಅಂದರೆ ಉಳಿತಾಯದ ಸಂಘಕ್ಕೆ, ಮುಟ್ಟಿತು. ಒಣ ರೊಟ್ಟಿ ಬಡಿದು ಪೇಟೆಗೆ ಕಳಿಸುವ ಆ ಗಟದ ಮುಖ್ಯಸ್ಥೆ ಇಂದುಬಾಯಿ. ರೊಟ್ಟಿ ಬಡಿಯಲು ಒಂದು ಶೆಡ್ಡು ಬೇಕಾಗಿತ್ತು. ಇಂದುಬಾಯಿ ಬಂದು ಕೇಳಿದ್ದು ಗೊಲ್ಲಾಳಪ್ಪನನ್ನಲ್ಲ.

“ಚಂದ್ರಾ, ನಮ್ಮ ಶೆಡ್ಡಿನ ಪತ್ರಾ ನೀನ ಹೊಡೀಬೇಕ ನೋಡವಾ. ದಸರಾ ಮುಗೀಲಿ, ಲಗೂನ ಸುರು ಮಾಡೂಣು. ಒಬ್ಬ ಗಂಡಸೂ ಮ್ಯಾಲ ಹತ್ತಬಾರದು.”

ಚಂದ್ರಾಬಾಯಿ ಆ ದಿನ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದುದನ್ನು ಗೊಲ್ಲಾಳಪ್ಪ ಕಂಡಿದ್ದ. ಯಾರದೋ ಹೆಂಡತಿ, ಯಾರದೋ ಸೊಸೆ ಎಂದು ಕರೆಸಿಕೊಂಡವಳಿಗೆ ಮೊದಲ ಸಲ ತನ್ನ ಕೈಯ ಹೆಸರಿನಿಂದ ಕೆಲಸ ಬಂದಿತ್ತು.

ಖಂಡೇ ನವಮಿ ಬಂತು. ಮನೆಯ ಹತಿಯಾರುಗಳನ್ನೆಲ್ಲ ಪೂಜೆಗಿಡುವ ದಿನ. ಬೀರುವಿನ ಉಣ್ಣೆ ಕತ್ತರಿಸುವ ಕತ್ತರಿ, ಕುಡುಗೋಲು, ಕೊಡಲಿ ಎಲ್ಲ ತೊಳೆದು ಕಂಬಳಿಯ ಮೇಲೆ ಸಾಲಾಗಿ ಕೂತವು. ಚಂದ್ರಾಬಾಯಿ ಮಷೀನನ್ನು ಒರೆಸಿ ಇಟ್ಟಳು. ಬ್ಯಾಟರಿಯನ್ನು ತೆಗೆದು ಪಕ್ಕಕ್ಕೆ ಬೇರೆಯಾಗಿ ಇಟ್ಟಳು. ಬೀಗರು ನೆಂಟರು ಮನೆ ತುಂಬ ನೆರೆದಿದ್ದರು. ಬೀರು ಕಂಬಳಿಯ ಮುಂದೆ ಕೂತು ಅದನ್ನು ನೋಡಿದ.

“ಏನೋ ತಮ್ಮಾ, ಇದರ ಜೀವಾ ತಗದು ಬಾಜೂಕ ಇಟ್ಟೀರಿ? ಹೆಣಕ್ಕ ಪೂಜಿ ಮಾಡ್ತಾರೇನು? ಹತಿಯಾರ ಅಂದ್ರ ಜೀವಂತ ಇರಬೇಕು ದೇವರ ಮುಂದ.”

ನೆಂಟರು ನಕ್ಕರು, ಹೌದೌದು ಎಂದರು. ಆ ಮನೆತನದಲ್ಲಿ ಹಾಗೆಯೇ ನಂಬಿಕೆ. ಹಿಡಿಯಿಲ್ಲದ ಕೊಡಲಿಯನ್ನು, ಮುರಿದ ಕುಡುಗೋಲನ್ನು ಪೂಜೆಗೆ ಇಡುವುದಿಲ್ಲ. ಗೊಲ್ಲಾಳಪ್ಪನಿಗೆ ಮಾತು ಸರಿ ಎನ್ನಿಸಿತು. ಸರಿ ಎನ್ನಿಸದಿದ್ದರೂ ಹೂಂ ಎನ್ನುತ್ತಿದ್ದನೆನ್ನಿ. ಬ್ಯಾಟರಿಯನ್ನು ಟಕ್ಕನೆ ಕೂಡಿಸಿದ. ಅಷ್ಟಕ್ಕೆ ನಿಲ್ಲದೆ ಉದ್ದನೆಯ ಬಿಟ್ಟೊಂದನ್ನು ಸಿಕ್ಕಿಸಿ, ನಾಲ್ಕು ಮಂದಿಯ ಮುಂದೆ ಸ್ವಿಚ್ಚು ಒತ್ತಿ ಟರ್ರೆನ್ನಿಸಿ, ಗುಂಡಿಯನ್ನು ನಡುವೆ ನಿಲ್ಲಿಸದೆ ಹಾಗೆಯೇ ಕಂಬಳಿಯ ಮೇಲಿಟ್ಟ. ಮಕ್ಕಳು ಕೇಕೆ ಹಾಕಿದವು.

“ಬ್ಯಾಟರಿ ಇರೂದು ಬ್ಯಾಡ್ರಿ,” ಚಂದ್ರಾಬಾಯಿ ಮೆಲ್ಲಗೆ ಅಂದಳು.

“ಇವತ್ತೊಂದ ದಿನ ನಿನ್ನ ಕಾಯ್ದೆ ಬಿಡ ಚಂದ್ರಾ. ಪೂಜಿ ಆದ ಮ್ಯಾಲ ನಾನ ತಗೀತೀನಿ.”

ಬಿಟ್ಟಿಗೆ ಚೆಂಡು ಹೂವಿನ ಮಾಲೆ ಸುತ್ತಿದರು. ಪೇಟೆಯಿಂದ ತಂದ ಮಾಲೆ, ಪ್ಲಾಸ್ಟಿಕ್ ದಾರದಲ್ಲಿ ಪೋಣಿಸಿದ್ದು. ಬೀರಪ್ಪ ದೇವರ ಹೆಸರು ಹೇಳುತ್ತ ಭಂಡಾರವನ್ನು, ಅಂದರೆ ಅರಿಷಿಣದ ಪುಡಿಯನ್ನು, ಮುಷ್ಟಿಮುಷ್ಟಿಯಾಗಿ ಎರಚಿದರು. ಗೊಲ್ಲಾಳಪ್ಪನೇ ಎಲ್ಲರಿಗಿಂತ ಹೆಚ್ಚು ಎರಚಿದ. ಮಷೀನು ಹಳದಿಯಾಯಿತು. ಕೆಳಗಿನ ಬ್ಯಾಟರಿ ಹೂವಿನಲ್ಲಿ ಮುಚ್ಚಿಹೋಯಿತು. ಸ್ವಿಚ್ಚಿನ ಸಂದಿಯೊಳಗೆ ಪುಡಿ ತುಂಬಿಕೊಂಡದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಸಂಜೆ ಕಟ್ಟೆಯ ಮೇಲೆ ಬೀಗರೊಂದಿಗೆ ಹರಟೆ ರಂಗೇರಿತ್ತು. ಚಂದ್ರಾಬಾಯಿ ಬಾಗಿಲಿಗೆ ಬಂದು ಕೇಳಿದಳು.

“ಬ್ಯಾಟರಿ ತಗದೀರೇನ್ರಿ?”

ಗೊಲ್ಲಾಳಪ್ಪ ತೆಗೆದಿರಲಿಲ್ಲ. ಎದ್ದು ಹೋದರೆ ಮಾತು ಕಡಿಯುತ್ತದೆ, ಇಲ್ಲ ಎಂದರೆ ಹೆಂಡತಿಗೆ ಅಂಜುತ್ತಾನೆಂದು ಬೀಗರು ನಗುತ್ತಾರೆ. ಆಮೇಲೆ ತೆಗೆದರಾಯಿತು ಎಂದುಕೊಂಡ. ತಿರುಗಿಯೂ ನೋಡದೆ ಅಂದ:

“ಹೂಂ.”

ಅವಳು ಒಳಗೆ ಹೋದಳು. ಅವನು ಊಟ ಮಾಡಿ ಮರೆತು ಮಲಗಿದ.

ಮರುದಿನ ದಸರೆ. ಪೂಜೆಗಿಟ್ಟದ್ದನ್ನು ಎತ್ತುವುದು ಆ ಮನೆಯಲ್ಲಿ ಹೆಂಗಸರ ಕೆಲಸ. ಚಂದ್ರಾಬಾಯಿ ಹೊಸ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಬಂದಳು. ಎಡಗೈಯಿಂದ ಮಷೀನಿನ ಹಿಡಿಕೆ ಹಿಡಿದಳು. ಬಲಗೈ ಬೆರಳುಗಳಿಂದ ಮಾಲೆಯನ್ನು ಬಿಡಿಸತೊಡಗಿದಳು. ದಾರ ಬಿಗಿದಿತ್ತು, ತೋರುಬೆರಳಿಗೆ ಸುತ್ತಿಕೊಂಡು ಜಗ್ಗಿದಳು. ಜಗ್ಗುವಾಗ ಎಡಗೈ ತಾನಾಗಿ ಬಿಗಿಯಿತು. ಮಷೀನು ಟರ್ರೆಂದಿತು. ಅವಳು ಕೈ ಸಡಿಲ ಮಾಡಿದಳು. ಆದರೂ ಅರಿಷಿಣ ಹಿಡಿದಿದ್ದ ಸ್ವಿಚ್ಚು ಕೂಡಲೇ ಹಿಂದಕ್ಕೆ ಬರಲಿಲ್ಲ. ದಾರ ಬೆರಳನ್ನು ಬಿಟ್ಟಿನ ಕಡೆಗೆ ಎಳೆದುಕೊಂಡಿತು.

ಗೊಲ್ಲಾಳಪ್ಪ ಕೂಗು ಕೇಳಿ ಓಡಿ ಬಂದಾಗ ಕಂಬಳಿಯ ಮೇಲಿನ ಹಳದಿಯಲ್ಲಿ ಕೆಂಪು ಬೆರೆಯುತ್ತಿತ್ತು. ಅವನು ಮೊದಲು ಮಾಡಿದ ಕೆಲಸ ಬ್ಯಾಟರಿ ಕಿತ್ತದ್ದು. ಯಾವಾಗ ಮಾಡಬೇಕೋ ಆಗ ಬಿಟ್ಟು, ಎಲ್ಲ ಮುಗಿದ ಮೇಲೆ. ಚಂದ್ರಾಬಾಯಿ ಅವನ ಕೈಯಲ್ಲಿದ್ದ ಬ್ಯಾಟರಿಯನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

ಮಿರಜಿನ ಡಾಕ್ಟರು ತಮ್ಮ ಕೈಲಾದುದನ್ನೆಲ್ಲ ಮಾಡಿದರು. ಬೆರಳು ಉಳಿಯಿತು, ಅದು ಮಡಚುವುದು ಉಳಿಯಲಿಲ್ಲ. ಬಲಗೈಯ ತೋರುಬೆರಳು, ಸ್ವಿಚ್ಚು ಒತ್ತುವ ಬೆರಳೇ, ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿತು.

ನೋಡಲು ಬಂದವರಿಗೆಲ್ಲ ಬೀರು ಹೇಳುತ್ತಿದ್ದ, “ಬೀರಪ್ಪ ಬೆರಳಿಗೆ ಬಿಟ್ಟಾನ, ಕೈ ಉಳಿಸ್ಯಾನ.” ಹೇಗಾಯಿತು ಎಂದು ಕೇಳಿದರೆ ಚಂದ್ರಾಬಾಯಿಯದು ಒಂದೇ ಉತ್ತರ: “ನಾನ ನೋಡಿ ಹಿಡೀಬೇಕಾಗಿತ್ತು.” ಗೊಲ್ಲಾಳಪ್ಪ ಅಲ್ಲೇ ಕೂತಿರುತ್ತಿದ್ದ. ಆ ಮಾತು ಬಂದಾಗಲೆಲ್ಲ ನೆಲ ಬಾಯ್ತೆರೆಯಬಾರದೇ ಎನ್ನಿಸುತ್ತಿತ್ತು. ಬೈದಿದ್ದರೆ, ಅತ್ತಿದ್ದರೆ, ತವರಿಗೆ ಹೋಗುತ್ತೇನೆಂದು ಗಂಟು ಕಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಅದೊಂದನ್ನೂ ಮಾಡಲಿಲ್ಲ. ಕಡೆಗೆ ತಡೆಯಲಾರದೆ, ಅವಳು ಎಡಗೈಯಲ್ಲಿ ರೊಟ್ಟಿ ಮಗುಚಲು ಒದ್ದಾಡುತ್ತಿದ್ದಾಗ ಎದುರಿಗೆ ಕೂತ.

“ನಾ ಹೂಂ ಅಂದಿದ್ದೆ, ಚಂದ್ರಾ. ತಗದಿರಲಿಲ್ಲ.”

“ಗೊತ್ತೈತ್ರಿ.”

“ಬೈಯರ ಬೈ.”

“ಏನಂತ ಬೈಲಿ? ನೀವು ಹೂಂ ಅಂದ್ರಿ, ನಾ ನಂಬಿದೆ. ನಂಬೂದು ತಪ್ಪಂತ ನನಗೇನ ಗೊತ್ತಿತ್ರಿ?” ಅವಳು ಹೆಂಚಿನ ಕಡೆ ತಿರುಗಿದಳು. “ರೊಟ್ಟಿ ಹೊತ್ತತೈತಿ, ಸರೀರಿ.”

ಬಚತ ಗಟದವರು ಅವಳಿಗಾಗಿ ಕಾದರು. ಸಂಕ್ರಮಣ ಕಳೆಯಿತು, ಶೆಡ್ಡಿಗೆಂದು ಪೈಪು ನಿಲ್ಲಿಸಿದ್ದು ಹಾಗೆಯೇ ನಿಂತಿತ್ತು. ಚಂದ್ರಾಬಾಯಿ ಹಿತ್ತಲಿನಲ್ಲಿ ಹಳೆಯ ಪೈಪಿನ ತುಂಡು ಇಟ್ಟುಕೊಂಡು ಎಡಗೈಯಿಂದ ಹೊಡೆದು ನೋಡಿದಳು, ಬಲಗೈಯ ನಡುಬೆರಳಿನಿಂದ ನೋಡಿದಳು. ಸ್ಕ್ರೂ ಓರೆಯಾಗಿ ಜಾರುತ್ತಿತ್ತು. ಮಷೀನಿನ ಗುದ್ದು ಆ ಬೆರಳಿನ ಸಂದಿಗೆ ಬಡಿದಾಗ ಕಣ್ಣು ಮುಚ್ಚಿ ತುಟಿ ಕಚ್ಚುತ್ತಿದ್ದಳು. ಗೊಲ್ಲಾಳಪ್ಪ ಕಿಟಕಿಯಿಂದ ನೋಡುತ್ತ ನಿಲ್ಲುತ್ತಿದ್ದ. ಹೊರಗೆ ಬರುವ ಧೈರ್ಯ ಅವನಿಗಿರಲಿಲ್ಲ.

ಒಂದು ದಿನ ಅವಳೇ ಹೋಗಿ ಹೇಳಿ ಬಂದಳು. “ಇಂದಕ್ಕಾ, ಮಳಿ ಬರೂದ್ರಾಗ ಆಗಬೇಕು. ನಮ್ಮ ಮನ್ಯಾಗಿನವ್ರ ಕಡಿಂದ ಹೊಡಸ್ರಿ.”

ಹೀಗೆ ಹೆಂಗಸರೇ ಹೊಡೆಯಬೇಕಾಗಿದ್ದ ಪತ್ರಾವನ್ನು ಗೊಲ್ಲಾಳಪ್ಪ ಹೊಡೆದ. ಜೀವಮಾನದಲ್ಲಿ ಅಷ್ಟು ಎಚ್ಚರದಿಂದ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಬಿಟ್ಟು ಬದಲಿಸುವಾಗ ಬ್ಯಾಟರಿ ತೆಗೆದ, ಮಷೀನು ಕೆಳಗಿಡುವಾಗ ಗುಂಡಿ ನಡುವೆ ನಿಲ್ಲಿಸಿದ, ಯಾರೂ ಹೇಳದೆ ಕನ್ನಡಕ ಹಾಕಿಕೊಂಡ. ಚಂದ್ರಾಬಾಯಿ ಕೆಳಗೆ ನಿಂತು ಎಡಗೈಯಿಂದ ಸ್ಕ್ರೂ ಎತ್ತಿಕೊಟ್ಟಳು. ಕೆಲಸ ಮುಗಿದಾಗ ಇಂದುಬಾಯಿ ಚಲೋ ಆಯಿತು ಎಂದಳು. ಹೆಂಗಸರು ಒಳಗೆ ಹೋಗಿ ಒಲೆ ಎಲ್ಲಿ ಹೂಡುವುದೆಂದು ಮಾತಾಡಿಕೊಂಡರು. ಚಂದ್ರಾಬಾಯಿ ಮಾತ್ರ ಹೊರಗೆ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮೇಲಿನ ಸ್ಕ್ರೂ ಸಾಲನ್ನು ಬಹಳ ಹೊತ್ತು ನೋಡಿದಳು.

ಗೊಲ್ಲಾಳಪ್ಪ ಇಳಿದು ಬಂದು ಬ್ಯಾಟರಿ ಬಿಚ್ಚಿ, ಮಷೀನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

“ಬ್ಯಾಟರಿ ತಗದೀರೇನ್ರಿ?”

ಅವನು ಹೂಂ ಎನ್ನಲಿಲ್ಲ. ಈಗೀಗ ಹೆಂಡತಿಗೆ ಅವನು ತುಂಬು ಮಾತನ್ನೇ ಆಡುತ್ತಾನೆ. “ತಗದೀನಿ ಚಂದ್ರಾ. ಈಗ ತಗದು, ಮಷೀನ ಪೆಟ್ಟಿಗ್ಯಾಗ ಇಟ್ಟೀನಿ.”

ಚಂದ್ರಾಬಾಯಿ ಹತ್ತಿರ ಬಂದಳು. ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆ ತೆರೆದಳು. ಎಡಗೈಯಿಂದ ಮಷೀನನ್ನು ಬುಡಮೇಲು ಮಾಡಿ ನೋಡಿದಳು. ಬ್ಯಾಟರಿ ಕೂಡುವ ಜಾಗದಲ್ಲಿ ಕೈಯಾಡಿಸಿ, ಖಾಲಿ ಇದೆ ಎಂದು ಖಾತ್ರಿಯಾದ ಮೇಲೆ ಮುಚ್ಚಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂಬ ಹಟವೂ ಇರಲಿಲ್ಲ.

ಈಗ ಮನೆಯಲ್ಲಿಯೂ ಹಾಗೆಯೇ. ಗ್ಯಾಸ್ ಬಂದ್ ಮಾಡೀರೇನ್ರಿ ಎಂದು ಕೇಳುತ್ತಾಳೆ. ಮಾಡೀನಿ ಎನ್ನುತ್ತಾನೆ. ಬಾಗಿಲ ಅಗಳಿ ಹಾಕೀರೇನ್ರಿ ಎನ್ನುತ್ತಾಳೆ. ಹಾಕೀನಿ ಎನ್ನುತ್ತಾನೆ. ಅವಳು ಎದ್ದು ಹೋಗಿ ನೋಡಿ ಬರುತ್ತಾಳೆ. ಅವನು ಕಾಲು ಮಡಚಿಕೊಂಡು ದಾರಿ ಬಿಡುತ್ತಾನೆ.