ಎರಡು ಬ್ಲೇಡ್ ಪೆಟ್ಟಿಗೆಗಳಲ್ಲಿ ಒಂದು

ನಾನು ಶಾಲೆ ಬಿಟ್ಟದ್ದು 1996ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಮುಂಬೈಗೆ ಹೋಗಿ ಸರ್ವರ್ ಕೋಣೆಗಳಲ್ಲಿ ಭಾರ ಹೊತ್ತು, ತಂತಿ ಎಳೆದು ಕೆಲಸ ಕಲಿತೆ. ಯಾರ ಶಿಫಾರಸಿನಿಂದಲೂ ಅಲ್ಲ. ಊರಿಗೆ ಮರಳಿದ ಮೇಲೆ ಒಂದು ಸಹಕಾರ ಸಂಘದ ಕಂಪ್ಯೂಟರುಗಳ ಉಸ್ತುವಾರಿ ನನ್ನದಾಯಿತು. ಮನೆ ಬೈಂದೂರು, ಸಂಘದ ಮುಖ್ಯ ಕಚೇರಿ ಕುಂದಾಪುರ, ಶಾಖೆ ಬ್ರಹ್ಮಾವರ. ಸರ್ವರ್ ನಿಂತಿತೆಂದರೆ ಹೊರಡಬೇಕು. ಹೆದ್ದಾರಿಯಲ್ಲಿ ಬೈಕು ಓಡಿಸಿ ಓಡಿಸಿ ಸೊಂಟ ಹೋಯಿತು. ಮನೆ ನಡೆದದ್ದೂ ಆ ಓಡಾಟದಿಂದಲೇ ಅನ್ನಿ.

ಕಳೆದ ವರ್ಷ ಸಂಘದವರು ಬ್ಲೇಡ್ ಸರ್ವರ್ ಕೊಳ್ಳಲು ಹೊರಟರು. ಒಂದೇ ಪೆಟ್ಟಿಗೆಯೊಳಗೆ ಪುಸ್ತಕಗಳ ಹಾಗೆ ನಿಲ್ಲಿಸಿದ ತೆಳು ಸರ್ವರುಗಳು. ಕರೆಂಟು, ಫ್ಯಾನು ಎಲ್ಲಕ್ಕೂ ಸೇರಿ ಒಂದೇ. ಎರಡು ಕಂಪನಿಯವರು ಪರೀಕ್ಷೆಗೆಂದು ಕುಂದಾಪುರದ ಕಚೇರಿಯಲ್ಲಿ ಒಂದೊಂದು ಪೆಟ್ಟಿಗೆ ತಂದಿಟ್ಟರು. ಆರಿಸಿ ಹೇಳಬೇಕಾದವನು ನಾನು. ಮೊದಲನೆಯದರಲ್ಲಿ ಯಾವ ಬ್ಲೇಡ್ ಬಿಸಿಯಾಗಿದೆ, ಯಾವುದು ಎಷ್ಟು ಕರೆಂಟು ಎಳೆಯುತ್ತಿದೆ, ಎಲ್ಲವೂ ಎಲ್ಲಿ ಕುಳಿತರೂ ಒಂದೇ ಪರದೆಯಲ್ಲಿ ಕಾಣುತ್ತಿತ್ತು. ದೂರದಿಂದಲೇ ಬಂದ್ ಮಾಡಲೂ ಬರುತ್ತಿತ್ತು. ಎರಡನೆಯದು ಗಟ್ಟಿಮುಟ್ಟು, ಆದರೆ ಎದುರು ನಿಂತು ಕೆಂಪು ದೀಪ ನೋಡಬೇಕು. ಅದು ಬಂದರೆ ನನ್ನ ಕೆಲಸ ಉಳಿಯುತ್ತದೆ. ಮೊದಲನೆಯದು ಬಂದರೆ ಕಂಪನಿಯವರೇ ಮಂಗಳೂರಿನಿಂದ ನೋಡಿಕೊಳ್ಳುತ್ತಾರೆ. ಯಾವುದೆಂದು ಹೇಳುವುದನ್ನು ವಾರಗಟ್ಟಲೆ ಮುಂದೂಡಿದೆ.

ಆಯುಧಪೂಜೆಯ ದಿನ ಮನೆಯಲ್ಲಿ ಬೈಕು ತೊಳೆಯುತ್ತಿದ್ದಾಗ ಮೊದಲನೆಯ ಪೆಟ್ಟಿಗೆಯಿಂದ ಮೊಬೈಲಿಗೆ ಸಂದೇಶ ಬಂತು: ಬಿಸಿ ಏರುತ್ತಿದೆ. ಅದರ ಬ್ಲೇಡುಗಳನ್ನು ಅಂಗಳದಿಂದಲೇ ಬಂದ್ ಮಾಡಿದೆ. ಎರಡನೆಯದರ ಸುದ್ದಿಯೇ ಇಲ್ಲ. ಕುಂದಾಪುರಕ್ಕೆ ಓಡಿದೆ. ಕೋಣೆ ಒಲೆಯಾಗಿತ್ತು. ಎರಡಕ್ಕೂ ಗೊಂಡೆಹೂವಿನ ಮಾಲೆ. ಎರಡನೆಯದರ ಫ್ಯಾನುಗಳು ಅರಚುತ್ತಿದ್ದವು, ಬ್ಲೇಡೊಂದು ಸತ್ತೇ ಹೋಗಿತ್ತು.

"ಹ್ವಾಯ್, ಎಸಿ ಆಫ್ ಮಾಡಿದ್ದ್ ಯಾರ್ ಮಾರ್ರೆ?"

"ಎಸಿ ಗಾಳಿಗೆ ಆರತಿ ನಂದಿ ಹೋತಿತ್ತ್," ಎಂದರು ಸಂಘದ ಮ್ಯಾನೇಜರು. "ಮತ್ತ್ ಹಾಕೂಕೆ ಮರ್ತ್ ಹೋಯ್ತ್. ಪೂಜಿ ಮಾಡಿದ್ದ್ ತಪ್ಪಾ?"

"ಪೂಜಿ ತಪ್ಪಲ್ಲ. ಈ ಸೆಕಿಗೆ ದೇವ್ರೇ ಎದ್ದ್ ಹೋತ್ರ್."

ಅವರು ನಕ್ಕರು. "ಹಂಗಾರೆ ಯಾವ್ದ್ ತಕಂಬ, ಹೇಳಿ ಕಾಂಬ."

"ಮೊದಲ್ನೇದ್."

"ಅದ್ ಬಂದ್ರೆ ನೀವ್ ಬಪ್ದ್ ಎಂತಕೆ?"

"ಬಪ್ದ್ ಬ್ಯಾಡ."

ಇನ್ನು ನಾನು ಬರುವ ಅಗತ್ಯವೇ ಇರುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಕೈಲಾಗದ ಪೆಟ್ಟಿಗೆಯನ್ನು ಒಳ್ಳೆಯದೆಂದು ಹೇಳಿ ಉಣ್ಣುವವನು ನಾನಲ್ಲ. ಹೊಸದು ಕುಂದಾಪುರದಲ್ಲೊಂದು, ಬ್ರಹ್ಮಾವರದಲ್ಲೊಂದು ಕುಳಿತ ತಿಂಗಳೇ ನನ್ನ ಕೆಲಸ ನಿಂತಿತು. ಈಗ ಇರುವುದು ಬೈಂದೂರಿನಲ್ಲಿ ಇನ್ವರ್ಟರ್ ರಿಪೇರಿಯ ಒಂದು ಅಂಗಡಿ, ಎರಡು ಚೀಲ ಸಲಕರಣೆ, ನಾಲ್ಕು ಖಾಯಂ ಗಿರಾಕಿಗಳು.